ಐದನೆಯ ಎಡೆ

ದೆವ್ವ, ಶಕುನ, ಮೈಮೇಲೆ ಬರುವುದು ಇವನ್ನೆಲ್ಲ ನಾನು ಯಾವತ್ತೂ ನಂಬಿದವಳಲ್ಲ. ಯಾರಾದರೂ ಅಂಥ ಕಥೆ ಶುರು ಮಾಡಿದರೆ, "ಸಾಕು ಬಿಡ್ರೀ, ಕಾಫಿ ಆರಿಹೋಗುತ್ತೆ" ಎಂದು ಮಾತು ತಿರುಗಿಸುವ ಪೈಕಿ ನಾನು. ಅಮೆರಿಕದ ಹೇವರ್ಡ್ ಊರಿನ ಲ್ಯಾಬೊಂದರಲ್ಲಿ ದಿನವಿಡೀ ರಕ್ತಪರೀಕ್ಷೆ ಮಾಡುತ್ತಿದ್ದವಳಿಗೆ ಕಣ್ಣಿಗೆ ಕಂಡದ್ದಷ್ಟೇ ಸತ್ಯ. ಆದ್ದರಿಂದ ನೀವು ಇದನ್ನು ನಂಬದಿದ್ದರೆ ನನಗೇನೂ ಬೇಜಾರಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಎಂಬತ್ತರ ದಶಕದ ಕೊನೆಯ ವರ್ಷಗಳು. ನಮ್ಮ ಅಪಾರ್ಟ್‌ಮೆಂಟಿನ ಎದುರು ಮನೆಯಲ್ಲಿ ಎಸ್ತರ್ ಎಂಬ ಅರವತ್ತರ ಹೆಂಗಸು ಒಬ್ಬರೇ ಇದ್ದರು. ಹಂಗೇರಿಯ ಯಹೂದಿ. ನಾಜಿಗಳ ನರಮೇಧದಲ್ಲಿ ಮನೆಯವರೆಲ್ಲರನ್ನೂ ಕಳೆದುಕೊಂಡು, ಹದಿನಾರನೆಯ ವಯಸ್ಸಿನಲ್ಲಿ ಒಬ್ಬರೇ ಉಳಿದವರು. ನಾನು ಅಮೆರಿಕಕ್ಕೆ ಬಂದ ಹೊಸದರಲ್ಲಿ ಗ್ರೋಸರಿ ಅಂಗಡಿ ತೋರಿಸಿದ್ದು, ಜ್ವರ ಬಂದಾಗ ಸೂಪು ತಂದುಕೊಟ್ಟಿದ್ದು ಎಲ್ಲ ಅವರೇ.

ಆ ವರ್ಷ ಮೈಸೂರಿನಿಂದ ನಮ್ಮತ್ತೆ ಆರು ತಿಂಗಳಿಗೆಂದು ಬಂದಿದ್ದರು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಎಲ್ಲ ಕಾಲವೂ ಅತ್ತೆಯದೇ. ಅವರಿಗೆ ಇಂಗ್ಲಿಷ್ ಬಾರದು, ಎಸ್ತರ್‌ಗೆ ಕನ್ನಡ ಬಾರದು. ಆದರೂ ಇಬ್ಬರೂ ದಿನಾ ಮಧ್ಯಾಹ್ನ ಕೂತು ಬಟಾಣಿ ಸುಲಿಯುತ್ತಾ ಗಂಟೆಗಟ್ಟಲೆ ಹರಟುತ್ತಿದ್ದರು! ಅತ್ತೆ ಅವರನ್ನು 'ಎಸ್ತರಮ್ಮ' ಎನ್ನುತ್ತಿದ್ದರು. ನಾನು ಲ್ಯಾಬಿನಿಂದ ಬಂದರೆ ಇಬ್ಬರೂ ಸೇರಿಕೊಂಡು, ನಾನು ಸಣ್ಣಗಾಗಿದ್ದೇನೆಂದು ಗದರುವರು.

ವಾಷಿಂಗ್ಟನ್ನಿನಲ್ಲಿ ಆ ನರಮೇಧದ ನೆನಪಿಗೆ ರಾಷ್ಟ್ರೀಯ ಮ್ಯೂಸಿಯಮ್ಮೊಂದನ್ನು ಕಟ್ಟುವ ಸಿದ್ಧತೆ ಆಗ ನಡೆದಿತ್ತು. ಅಲ್ಲಿಗೆ ಕಳಿಸಲೆಂದು ಎಸ್ತರ್ ಸತ್ತವರ ವಿವರ ಬರೆಯಬೇಕಿತ್ತು. ಸಂಧಿವಾತದಿಂದ ಅವರ ಬೆರಳು ಸೊಟ್ಟಗಾಗಿದ್ದವು, ಹಾಗಾಗಿ ಬರೆಯುವ ಕೆಲಸ ನನ್ನದು. ತಂದೆ, ತಾಯಿ, ಒಂಬತ್ತು ವರ್ಷದ ತಂಗಿ ಲೀಯಾ. ಮೂರು ಹೆಸರು.

"ಇನ್ಯಾರಾದರೂ?" ಎಂದೆ.

"ಇಲ್ಲ." ತಕ್ಷಣ ಬಂತು ಉತ್ತರ. ಕಾಗದವನ್ನು ತಮ್ಮ ಕಡೆಗೆ ಎಳೆದುಕೊಂಡು, "ನನಗೆ ಮಕ್ಕಳಿಲ್ಲ. ನಾನು ಹೋದ ಮೇಲೆ ಇವರೆಲ್ಲ ಭೂಮಿ ಮೇಲೆ ಇದ್ದರು ಅಂತ ಹೇಳೋಕೆ ಆ ಮ್ಯೂಸಿಯಮ್ಮೇ ಗತಿ. ಅಲ್ಲಿ ಹೆಸರಿಲ್ಲದವರು ಹುಟ್ಟೇ ಇಲ್ಲ ಅಂದ ಹಾಗೆ" ಎಂದರು. ಅಷ್ಟು ಹೇಳಿದವರು ಆ ಕಾಗದವನ್ನು ಮೂರು ವಾರವಾದರೂ ಪೋಸ್ಟ್ ಮಾಡಲಿಲ್ಲ. ಕೇಳಿದರೆ ನಾಳೆ, ನಾಳೆ.

ಅದರಲ್ಲಿ ಸತ್ತ ದಿನ ಬರೆಯುವ ಜಾಗ ಖಾಲಿ ಇತ್ತು. ಅವರಿಗೆ ಗೊತ್ತಿರಲಿಲ್ಲ. ತಮ್ಮವರ ಪದ್ಧತಿಯಲ್ಲಿ ಆ ದಿನ ದೀಪ ಹಚ್ಚಬೇಕು, ಯಾವ ದಿನ ಹಚ್ಚಲಿ ಎಂದು ಅತ್ತರು. ಅತ್ತೆಗೆ ನಾನು ಇದನ್ನು ಹೇಳಿದೆ.

"ಅಯ್ಯೋ, ಅದಕ್ಯಾಕೆ ಅಳೋದು? ದಿನ ಗೊತ್ತಿಲ್ದೋರಿಗೇ ಅಲ್ವೇನೇ ಮಹಾಲಯ ಅಮಾವಾಸ್ಯೆ ಇರೋದು! ನಿಮ್ಮಾವಂಗೆ ಎಡೆ ಇಡ್ತೀನಲ್ಲ, ಅವರಿಗೂ ಇಡೋಣ. ಏನೇನು ಇಷ್ಟ ಅಂತ ಕೇಳು."

ಎಸ್ತರ್ ಮೊದಲು ನಕ್ಕರು. ಆಮೇಲೆ ಹೇಳಿದರು: ತಂದೆಗೆ ಬ್ರೆಡ್ಡು ಈರುಳ್ಳಿ, ತಾಯಿಗೆ ಕಾಫಿ, ಲೀಯಾಗೆ ಕರಿದ ಆಲೂಗಡ್ಡೆ.

ಅಮಾವಾಸ್ಯೆಯ ಮಧ್ಯಾಹ್ನ ನಮ್ಮ ಬೆಡ್‌ರೂಮಿನಲ್ಲಿ ಎಡೆಗೆ ಸಿದ್ಧ ಮಾಡಿದೆವು. ಬಾಳೆಎಲೆ ಎಲ್ಲಿ ಸಿಗಬೇಕು, ಪೇಪರ್ ಪ್ಲೇಟೇ ಗತಿ. ಮಾವನವರದೊಂದು, ಎಸ್ತರ್ ಮನೆಯವರದು ಮೂರು. ನಾಲ್ಕು ಪ್ಲೇಟನ್ನು ನಾನೇ ಎಣಿಸಿ ಇಟ್ಟಿದ್ದೆ. ಅತ್ತೆ ವಡೆ, ಪಾಯಸ, ಆಲೂಗಡ್ಡೆ ಬಜ್ಜಿ ಎಲ್ಲ ಬಡಿಸಿ, ಊದುಬತ್ತಿ ಹಚ್ಚಿ, ನಮ್ಮಿಬ್ಬರ ನಂತರ ಕೊನೆಯವರಾಗಿ ಹೊರಗೆ ಬಂದು ಬಾಗಿಲು ಹಾಕಿಕೊಂಡರು. ಹಿರಿಯರು ಉಣ್ಣುವಾಗ ನೋಡಬಾರದು, ಅದು ನಮ್ಮಲ್ಲಿಯ ರೂಢಿ. ಮೂವರೂ ಹೊರಗಿನ ಕೋಣೆಯಲ್ಲಿ ಮುಚ್ಚಿದ ಬಾಗಿಲು ನೋಡುತ್ತಾ ಕೂತೆವು. ಹಾಗೆ ಕೂತದ್ದಕ್ಕೆ ನನಗೆ ಒಳಗೊಳಗೇ ನಗುವೂ ಬಂತು.

ಕಾಲು ಗಂಟೆಯ ಮೇಲೆ ಅತ್ತೆ ಬಾಗಿಲು ತಟ್ಟಿ ತೆಗೆದರು. ಲೀಯಾಳ ಪ್ಲೇಟಿನ ಪಕ್ಕ ಐದನೆಯದೊಂದು ಎಡೆಯಿತ್ತು. ಸಣ್ಣ ಬಟ್ಟಲು. ಅದರಲ್ಲಿ ವಡೆಯಿಲ್ಲ, ಬಜ್ಜಿಯಿಲ್ಲ, ಬರೀ ಹಾಲನ್ನ. ಹಲ್ಲು ಬಾರದ ಮಗುವಿಗೆ ತಿನ್ನಿಸುವ ಹಾಗೆ ನುಣ್ಣಗೆ ಕಿವುಚಿದ್ದು.

ಎಸ್ತರ್ ಅದನ್ನು ನೋಡಿ ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. "ಯೋಸಿ" ಎಂದರು. ತಮ್ಮನಂತೆ, ಎಂಟು ತಿಂಗಳ ಕೂಸು. ನಾಜಿಗಳ ಕ್ಯಾಂಪಿನಲ್ಲಿ ರೈಲಿನಿಂದ ಇಳಿದಾಗ ಅವನನ್ನು ಎತ್ತಿಕೊಂಡಿದ್ದವರು ಇವರು. ಅಲ್ಲಿದ್ದ ಕೈದಿಯೊಬ್ಬ ಕಿವಿಯಲ್ಲಿ, ಮಗುವನ್ನು ನಿಮ್ಮಮ್ಮನ ಕೈಗೆ ಕೊಡು ಎಂದನಂತೆ. ಕೊಟ್ಟರು. ಮಗು ಕೈಯಲ್ಲಿದ್ದವರನ್ನು ಒಂದು ಕಡೆಗೆ, ಸಾವಿಗೆ ಕಳಿಸಿದರು, ಇವರನ್ನು ಇನ್ನೊಂದು ಕಡೆಗೆ, ದುಡಿಮೆಗೆ.

"ನಾನು ಕೊಟ್ಟುಬಿಟ್ಟೆ, ಅದಕ್ಕೇ ಬದುಕಿದೆ. ಸತ್ತ ನನ್ನ ಗಂಡನಿಗೂ ಇದನ್ನ ಹೇಳಿರಲಿಲ್ಲ. ನಿಮ್ಮತ್ತೆಗೆ ಯಾರು ಹೇಳಿದರು?"

ನನಗೂ ಗೊತ್ತಿರಲಿಲ್ಲ ಎಂದ ಮೇಲೆ ಯಾರು ಹೇಳಿಯಾರು? ಅತ್ತೆ ಅವರ ಪಕ್ಕ ಕೂತು ಬೆನ್ನು ಸವರುತ್ತಿದ್ದರು. ಎಷ್ಟೋ ಹೊತ್ತಿನ ಮೇಲೆ ಎಸ್ತರ್ ಎದ್ದು, ತಮ್ಮ ಮನೆಗೆ ಹೋಗಿ ಕಾಗದ ತಂದರು. ನಾನು ಪೆನ್ನಿಗೆ ಕೈ ಚಾಚಿದರೆ ಕೊಡಲಿಲ್ಲ. "ಇದನ್ನ ನಾನೇ ಬರೀತೀನಿ." ಆ ಸೊಟ್ಟ ಬೆರಳುಗಳಲ್ಲಿ ಪೆನ್ನು ಹಿಡಿದು, ಲೀಯಾಳ ಕೆಳಗೆ ನಾಲ್ಕನೆಯ ಹೆಸರನ್ನು ತಾವೇ ಬರೆದು, ಆಗಲೇ ಪೋಸ್ಟ್ ಮಾಡಲು ಹೊರಟರು.

ಅವರು ಹೋದ ಮೇಲೆ, ಆ ಬಟ್ಟಲು ಯಾಕಿಟ್ಟಿರಿ ಎಂದು ನಾನು ಅತ್ತೆಯನ್ನು ಹಿಡಿದು ಕೇಳಿದೆ. ಯಾರಾದರೂ ಬಂದರೆ ಇರಲಿ ಎಂದು ಒಂದೆಲೆ ಹೆಚ್ಚು ಹಾಕುವ ಅಭ್ಯಾಸ ಅವರಿಗಿತ್ತು, ಅದೇ ಇರಬೇಕೆಂದುಕೊಂಡೆ. ಆದರೆ ಹಾಗೆ ಬರುವವರಿಗೆ ಯಾರಾದರೂ ಹಾಲನ್ನ ಕಿವುಚಿಡುತ್ತಾರೆಯೇ? ಇಷ್ಟು ವರ್ಷ ತಲೆ ಕೆಡಿಸಿಕೊಂಡರೂ ನನಗೆ ಬಗೆಹರಿದಿಲ್ಲ. ಅತ್ತೆಗೆ ಮಾತ್ರ ನನ್ನ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು.

"ಏನೇ ಹಿಂಗಂತೀಯಾ? ಎಸ್ತರಮ್ಮ ಬಂದಾಗಲೆಲ್ಲ ಸೊಂಟದ ಮೇಲೆ ಕೂಸು ಇರ್ತಿತ್ತಲ್ಲ, ನೀನು ನೋಡ್ಲೇ ಇಲ್ವಾ?" ಎಂದವರು, ಪ್ಲೇಟುಗಳನ್ನು ಎತ್ತುತ್ತಾ, "ಈಗ ಹೋಗ್ಬೇಕಾದ್ರೆ ಇರ್ಲಿಲ್ಲ ನೋಡು" ಎಂದರು.