ಕೀ ತೆಗೆದರೂ ನಿಲ್ಲದ ಜೀಪು

ತೊಂಬತ್ತೆಂಟರಲ್ಲಿ ನಮ್ಮ ಬಾವ ತಮ್ಮ ಟರ್ಬೊ ಡೀಸೆಲ್ ಜೀಪಿನ ಕಂಪನಿ ಏರ್ ಫಿಲ್ಟರ್ ತೆಗೆಸಿ, ಹೊರಗಿನಿಂದ ತರಿಸಿದ ತೆರೆದ ಫಿಲ್ಟರ್ ಹಾಕಿಸಿದರು. ಗಾಡಿ ಹೆಚ್ಚು ಎಳೆಯುತ್ತದೆ ಎಂಬ ನಂಬಿಕೆ. ದಿನವೂ ಸಾರಥಿ ಹಳ್ಳಿಯ ಮಣ್ಣುರಸ್ತೆಯಲ್ಲಿ ಅವರ ಪಕ್ಕ ಕೂತು ಓಡಾಡಿದ ನನಗೆ ಹೆಚ್ಚಿದಂತೆ ಕಂಡದ್ದು ಸದ್ದು ಮಾತ್ರ.

ಕೆಲವು ತಿಂಗಳ ನಂತರ ಹರಿಹರದ ಗ್ಯಾರೇಜಿನ ಮುಂದೆ ಬಾವ ಕೀ ತೆಗೆದರೂ ಎಂಜಿನ್ ನಿಲ್ಲಲಿಲ್ಲ. ನೀಲಿ ಹೊಗೆ ಉಗುಳುತ್ತ ಕಿರುಚತೊಡಗಿತು. ಈಗ ಸಿಡಿಯುತ್ತದೆ ಎಂದುಕೊಂಡೆ. ಮೇಸ್ತ್ರಿ ಹತ್ತಿ ಕೂತು, ಟಾಪ್ ಗೇರಿಗೆ ಹಾಕಿ, ಬ್ರೇಕ್ ಒತ್ತಿ ಕ್ಲಚ್ ಬಿಟ್ಟ ಮೇಲೆ ನಿಂತಿತು.

ಬಿಚ್ಚಿ ನೋಡಿದರೆ, ತೆರೆದ ಫಿಲ್ಟರಿನಿಂದ ನುಗ್ಗಿದ ಧೂಳಿಗೆ, ಎಂಜಿನ್ನಿಗೆ ಗಾಳಿ ತುಂಬುವ ಟರ್ಬೊದ ರೆಕ್ಕೆಗಳು ಸವೆದಿದ್ದವು. ಅದರ ಸೀಲು ಹೋಗಿ ಎಂಜಿನ್ನೊಳಗೆ ಸೋರಿದ ಆಯಿಲನ್ನೇ ಉರಿಸಿಕೊಂಡು ಎಂಜಿನ್ ಓಡಿತ್ತು.

“ಟರ್ಬೊ ತಾನೇ ಗಾಳಿ ಎಳ್ಕೊಂತೈತ್ರಿ ಸಾವ್ಕಾರ್ರೆ. ನೀವು ಧೂಳು ಯಾಕ ತಿನ್ಸಿದ್ರಿ?” ಎಂದ ಮೇಸ್ತ್ರಿ.

“ಕಂಪನಿ ಫಿಲ್ಟರೇ ಹಾಕಪ್ಪ,” ಎಂದರು ಬಾವ.