ಕೆಮ್ಮಿದವರು ಯಾರು

ಅತ್ತೆಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರೆಲ್ಲ ಹೇಳುತ್ತಾರೆ. ಹೇಳುವವರಿಗೇನು, ಹೇಳಿಬಿಡುತ್ತಾರೆ. ಆದರೆ ಆವತ್ತು ಬೆಳಿಗ್ಗೆ ಸೊಸೆ ಮಾಡಿಟ್ಟಿದ್ದ ಕೆಲಸ ನೋಡಿದ್ದರೆ ಯಾರಿಗಾದರೂ ಮೈಯೆಲ್ಲ ಉರಿಯುತ್ತಿತ್ತು. ಹಾಡಿನ ಹಿಂದೆ ತೆಳ್ಳಗೆ ಕೇಳಿಸುವ ಗುನುಗನ್ನು ಹಿಂದಿನ ಕಾಲದಲ್ಲಿ ಹೇಗೆ ಧ್ವನಿಮುದ್ರಿಸುತ್ತಿದ್ದರು ಎಂದು ಅತ್ತೆ ವಾರಗಟ್ಟಲೆ ಕೂತು, ಬರೆದು, ಹೊಡೆದುಹಾಕಿ, ಮತ್ತೆ ಬರೆದಿದ್ದರು. ಮೈಕಿನಿಂದ ಎಷ್ಟು ದೂರ ನಿಲ್ಲಬೇಕು, ಮುಖ್ಯ ಗಾಯಕಿ ಉಸಿರು ಎಳೆದುಕೊಳ್ಳುವಾಗ ಹಿಂದಿನವರು ತಮ್ಮ ಉಸಿರನ್ನು ಹೇಗೆ ಹಿಡಿದಿಟ್ಟುಕೊಳ್ಳಬೇಕು, ಕಾಲು ನೋಯುತ್ತದೆಂದು ಭಾರ ಬದಲಿಸಿದರೆ ನೆಲದ ಹಲಗೆ ಹೇಗೆ ಚಾಡಿ ಹೇಳುತ್ತದೆ, ಎಲ್ಲವೂ ಅದರಲ್ಲಿತ್ತು. ಸೊಸೆ ಅದನ್ನು ಬ್ಲಾಗಿಗೆ ಏರಿಸಿ, ಕೀವರ್ಡಿನ ಜಾಗದಲ್ಲಿ "ನಿದ್ದೆ ಬರುವ ಹಾಡು, ತಲೆನೋವಿಗೆ ಸಂಗೀತ, ಮಗುವಿನ ಅಳು ನಿಲ್ಲಿಸುವುದು ಹೇಗೆ" ಎಂದು ತುಂಬಿಸಿದ್ದಳು.

"ಏನೇ ಇದು? ನಾನೇನು ಔಷಧಿ ಅಂಗಡಿ ಇಟ್ಟಿದ್ದೀನಾ?"

"ಜನ ಹುಡುಕೋದು ಅದನ್ನೇ ಅತ್ತೆ. ನೀವು ಕೊಟ್ಟಿದ್ದು ನೋಡಿ, 'ಹಿಮ್ಮೇಳದ ಗುನುಗಿನ ಧ್ವನಿಮುದ್ರಣ ಪದ್ಧತಿ'. ಇಡೀ ಪ್ರಪಂಚದಲ್ಲಿ ಇದನ್ನ ಟೈಪ್ ಮಾಡಿದೋರು ಒಬ್ರೇ. ಅದು ನೀವು. ಅದೂ ಬ್ಲಾಗ್ ಬರುತ್ತೋ ಇಲ್ವೋ ನೋಡೋಕೆ."

"ಬಂತಲ್ಲ?"

"ಬರದೆ ಏನು? ಪೈಪೋಟಿಗೆ ಬೇರೆ ಯಾರಿದ್ದಾರೆ?"

ಸೊಸೆ ನಲ್ಲಿ, ಪೈಪು, ವಾಶ್‌ಬೇಸಿನ್ ಮಾರುವ ದೊಡ್ಡ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಅಂಗಡಿಯ ವೆಬ್‌ಸೈಟು ನೋಡಿಕೊಳ್ಳುವುದು ಅವಳ ಪಾಲಿನ ಕೆಲಸ. ನಲ್ಲಿಯ ವಾಷರು ಬೇಕಾದವನು ವಾಷರು ಎಂದು ಹುಡುಕುವುದಿಲ್ಲ, "ನಲ್ಲಿ ತೊಟ್ಟಿಕ್ಕುತ್ತಿದೆ ಏನು ಮಾಡಲಿ" ಎಂದು ಟೈಪ್ ಮಾಡುತ್ತಾನೆ ಎಂಬುದನ್ನು ಅವಳು ಅಲ್ಲಿ ಕಲಿತಿದ್ದಳು. ಅಲ್ಲಿಂದಾಚೆಗೆ ಲೋಕದ ಯಾವ ವಿಷಯವೇ ಆಗಲಿ, ಅವಳಿಗೆ ತೊಟ್ಟಿಕ್ಕುವ ನಲ್ಲಿಯ ಹಾಗೇ ಕಾಣುತ್ತಿತ್ತು. ಹುಡುಗಿ ಒಳ್ಳೆಯವಳೇ. ಅಂಗಡಿಯಿಂದ ಸುಸ್ತಾಗಿ ಬಂದು, ಚಪ್ಪಲಿ ಬಿಟ್ಟ ಕೈಯಲ್ಲೇ ಲ್ಯಾಪ್‌ಟಾಪು ತೆರೆದು ಅತ್ತೆಯ ಕೈಬರಹವನ್ನು ಟೈಪ್ ಮಾಡುವಷ್ಟು ಒಳ್ಳೆಯವಳು. ಅದಕ್ಕೇ ಅತ್ತೆ ಬೈದರೂ ಅರ್ಧಕ್ಕೆ ನಿಲ್ಲಿಸುತ್ತಿದ್ದರು.

ಅತ್ತೆ ಕೋರಸ್ ಹಾಡುತ್ತಿದ್ದವರು. ಮದುವೆಗೆ ಮುಂಚೆ ಶುರುಮಾಡಿ, ಮಗ ಮೀಸೆ ಬೋಳಿಸಿಕೊಳ್ಳುವ ವಯಸ್ಸಿಗೆ ಬರುವ ತನಕ ಅದೇ ಅವರ ಉದ್ಯೋಗ. ಬೆಳಿಗ್ಗೆ ಬಸ್ಸು ಹಿಡಿದು ಸ್ಟುಡಿಯೋಗೆ ಹೋಗುವುದು, ಗೋಡೆಗೆಲ್ಲ ದಪ್ಪ ಬಟ್ಟೆ ಹೊಡೆದ, ಕಿಟಕಿಯೇ ಇಲ್ಲದ ಕೋಣೆಯಲ್ಲಿ ಹಿಂದಿನ ಸಾಲಿನಲ್ಲಿ ನಿಲ್ಲುವುದು, ಹೇಳಿದ ಕಡೆ "ಆ" ಎನ್ನುವುದು, ಹೇಳಿದ ಕಡೆ "ಊಂ" ಎನ್ನುವುದು, ಫ್ಲಾಸ್ಕಿನ ಬಿಸಿನೀರು ಕುಡಿದು ಮನೆಗೆ ಬರುವುದು. ಇಬ್ಬರಿಗೆ ಒಂದೇ ಮೈಕು. ಅವರ ಜೊತೆ ಆ ಮೈಕಿಗೆ ನಿಲ್ಲುತ್ತಿದ್ದವಳನ್ನು ಸ್ಟುಡಿಯೋದಲ್ಲಿ ಎಲ್ಲರೂ "ಇವಳ ಜೋಡಿ" ಎನ್ನುತ್ತಿದ್ದರು. ಕೊನೆಗೆ ಅತ್ತೆಯೂ ಹಾಗೇ ಕರೆಯತೊಡಗಿದರು. ಅತ್ತೆಯದು ಮೇಲಿನ ದನಿ, ಜೋಡಿಯದು ಕೆಳಗಿನದು. ಎರಡೂ ಸೇರಿದರೆ ಗುನುಗು. ಒಂದೇ ಆದರೆ, ಅಡುಗೆಮನೆಯಲ್ಲಿ ಹೆಂಗಸೊಬ್ಬಳು ಏನೋ ಗೊಣಗುತ್ತಿದ್ದಾಳೆ ಅನ್ನಿಸುತ್ತದೆ, ಅಷ್ಟೆ.

ಬ್ಲಾಗು ಶುರುಮಾಡಿದ್ದೂ ಆ ಜೋಡಿಗಾಗಿಯೇ. ಸೊಸೆಗೆ ಮೊದಲ ದಿನವೇ ಹೇಳಿದ್ದರು, "ಸಾವಿರ ಜನ ಓದೋದು ಬೇಡ ನನಗೆ. ಅವಳೊಬ್ಬಳು ಓದಿದರೆ ಸಾಕು." ಜಗಳವಾಡಿ ದೂರವಾದವಳು, ಊರು ಬಿಟ್ಟು ಹೋದವಳು. ಎಲ್ಲಿದ್ದಾಳೋ, ಇದ್ದಾಳೋ ಇಲ್ಲವೋ ಅದೂ ಗೊತ್ತಿಲ್ಲ. ಸ್ಟುಡಿಯೋ ಮುಚ್ಚಿ ಅಲ್ಲಿ ಈಗ ಜಿಮ್ ಬಂದಿದೆ, ಹೋಗಿ ಕೇಳಿದರೆ ಅಲ್ಲಿಯ ಹುಡುಗ ಸದಸ್ಯತ್ವ ಬೇಕಾ ಆಂಟಿ ಎನ್ನುತ್ತಾನೆ. ಮುಖ ನೋಡಿ ಮಾತಾಡಬೇಕು, ಇಲ್ಲವೇ ದನಿಯಾದರೂ ಕೇಳಬೇಕು, ಅದೂ ಇಬ್ಬರಿಗೂ ಕಿವಿ ನೆಟ್ಟಗಿರುವಾಗಲೇ ಆಗಬೇಕು. ಇದೊಂದು ಆಸೆ ಅತ್ತೆಯನ್ನು ಕೂತಲ್ಲಿ ಕೂರಲು ಬಿಡುತ್ತಿರಲಿಲ್ಲ.

ಸೊಸೆಯ "ನಿದ್ದೆ ಬರುವ ಹಾಡು" ಮಾತ್ರ ಕೆಲಸ ಮಾಡಿತು. ಮೊದಲ ಬಾರಿಗೆ ಬ್ಲಾಗಿಗೆ ಒಂದು ಪ್ರತಿಕ್ರಿಯೆ ಬಂತು. ಅತ್ತೆ ಕನ್ನಡಕ ಒರೆಸಿಕೊಂಡು ಓದಿದರು. "ಹಾಡು ಸಿಗಲಿಲ್ಲ. ಆದರೆ ಲೇಖನ ಓದುತ್ತಲೇ ನಿದ್ದೆ ಬಂತು. ಧನ್ಯವಾದಗಳು."

ಸೊಸೆ ನಗು ತಡೆಯಲು ದುಪಟ್ಟಾ ಬಾಯಿಗೆ ತುರುಕಿಕೊಂಡಳು. ಅತ್ತೆ ಲ್ಯಾಪ್‌ಟಾಪನ್ನು ಪಟ್ಟನೆ ಮುಚ್ಚಿದರು.

ನಿಜವಾದ ರಗಳೆ ಶುರುವಾದದ್ದು ಮಗನಿಂದ. ಮಗ ಬಸ್ ಡ್ರೈವರು. ಸಂಗೀತದ ಗೊಡವೆಗೆ ಹೋದವನಲ್ಲ. ಆವತ್ತು ಊಟಕ್ಕೆ ಕೂತವನು ಇದ್ದಕ್ಕಿದ್ದಂತೆ, "ಅಮ್ಮಾ, ಆ ದೋಣಿ ಹಾಡಲ್ಲಿ ಯಾರೋ ಕೆಮ್ತಾರಲ್ಲ, ಅದೂ ನೀವು ಹಾಡಿದ್ದೇ ತಾನೆ? ಇವತ್ತು ಬಸ್ಸಲ್ಲಿ ಹಾಕಿದ್ದೆ. ಕೆಮ್ಮು ಬರೋ ಜಾಗಕ್ಕೆ ಸರಿಯಾಗಿ ಅರ್ಧ ಬಸ್ಸು ಕೆಮ್ತು" ಎಂದ.

ಅತ್ತೆಯ ಕೈ ತಟ್ಟೆಯಲ್ಲೇ ನಿಂತಿತು. ಸೊಸೆ ಎಡಗೈಯಲ್ಲೇ ಲ್ಯಾಪ್‌ಟಾಪು ಎಳೆದುಕೊಂಡಳು. ಜನ ಏನೇನು ಹುಡುಕುತ್ತಾರೆ ಎಂದು ತೋರಿಸುವ ಪುಟ ಅವಳಲ್ಲಿತ್ತು. ಅದರಲ್ಲಿ "ಕೆಮ್ಮಿರುವ ಹಾಡು ಯಾವುದು", "ದೋಣಿ ಹಾಡಿನಲ್ಲಿ ಕೆಮ್ಮು", "ದೋಣಿ ಹಾಡಲ್ಲಿ ಕೆಮ್ಮಿದವರು ಯಾರು" ಎಂದು ಸಾಲುಸಾಲಾಗಿ ಬಂದವು. ಒಂದೊಂದರ ಮುಂದೆಯೂ ದೊಡ್ಡ ದೊಡ್ಡ ಸಂಖ್ಯೆಗಳು.

"ಅತ್ತೆ! ಇಷ್ಟು ದಿನ ಇದನ್ನ ಎಲ್ಲಿ ಬಚ್ಚಿಟ್ಟಿದ್ರಿ? ಇಷ್ಟು ಜನ ಕೇಳ್ತಿದ್ದಾರೆ, ಉತ್ತರ ಒಬ್ಬರೂ ಬರೆದಿಲ್ಲ!"

"ಸುತಾರಾಂ ಬೇಡ. ಆ ಮಾತು ಈ ಮನೇಲಿ ಎತ್ತಬೇಡಿ" ಎಂದು ಅತ್ತೆ ಎದ್ದು ಕೈ ತೊಳೆಯಲು ಹೋದರು.

ಆದರೆ ಸೊಸೆ ಬಿಡುವ ಪೈಕಿಯವಳಲ್ಲ. ಬಟ್ಟೆ ಒಣಗಿಸುವಾಗ ಕೇಳಿದಳು, ಔಷಧಿ ಕೊಡುವಾಗ ಕೇಳಿದಳು. ಕಡೆಗೆ ಅತ್ತೆ ತಡೆಯಲಾರದೆ, ಒದ್ದೆ ಟವೆಲ್ಲು ಹಿಂಡುತ್ತಾ ಒಂದೇ ಉಸಿರಿಗೆ ಹೇಳಿಬಿಟ್ಟರು.

ದೋಣಿ ಹಾಡಿನ ಕೊನೆಯ ಚರಣಕ್ಕೆ ಮುಂಚೆ ಒಂದು ಮೌನ ಬರುತ್ತದೆ. ಎಲ್ಲ ವಾದ್ಯಗಳೂ ನಿಂತು, ಒಂದು ಕ್ಷಣ ಏನೂ ಕೇಳಬಾರದು. ಆ ಕ್ಷಣದಲ್ಲಿ ಹಿಂದಿನ ಸಾಲಿನಿಂದ ಸಣ್ಣದೊಂದು ಕೆಮ್ಮು. ಸ್ಟುಡಿಯೋದ ಸಮಯ ಮುಗಿದಿತ್ತು, ಮತ್ತೊಮ್ಮೆ ಹಾಡಿಸಲು ಆಗಲಿಲ್ಲ, ಹಾಡು ಹಾಗೇ ಹೊರಗೆ ಹೋಯಿತು. ಹೋದದ್ದೇ ಮನೆಮಾತಾಯಿತು, ಕೆಮ್ಮಿನ ಸಮೇತ. ಸಂಗೀತ ನಿರ್ದೇಶಕರು ಕೆಮ್ಮು ಬಿದ್ದಿದ್ದ ಮೈಕಿನ ಇಬ್ಬರನ್ನೂ, ಅತ್ತೆಯನ್ನೂ ಜೋಡಿಯನ್ನೂ, ಕರೆದು, "ನಿಮ್ಮಿಬ್ಬರಲ್ಲಿ ಒಬ್ಬರು. ಯಾರು ಅಂತ ನೀವೇ ಮಾತಾಡಿಕೊಂಡು ಬಂದು ಹೇಳಿ" ಎಂದು ಓಣಿಗೆ ಕಳಿಸಿದರು. ಓಣಿಯಲ್ಲಿ ಅತ್ತೆ ಜೋಡಿಗೆ, "ಕೆಮ್ಮಿದ್ದು ನೀನು" ಎಂದರು. ಜೋಡಿ ಅತ್ತೆಗೆ, "ನಾನಲ್ಲ, ನೀನೇ" ಎಂದಳು. ಮಾತಿಗೆ ಮಾತು ಬೆಳೆಯಿತು. ಕೆಮ್ಮಿನಿಂದ ಹೊರಟದ್ದು ಯಾರು ಯಾರಿಗಿಂತ ಚೆನ್ನಾಗಿ ಹಾಡುತ್ತಾರೆ ಎಂಬಲ್ಲಿಗೆ ಹೋಗಿ, ಅಲ್ಲಿಂದ ಯಾರ ಗಂಡ ಎಂಥವನು ಎಂಬಲ್ಲಿಗೆ ಹೋಗಿ ಮುಟ್ಟಿತು. ಅದೇ ತಿಂಗಳು ಜೋಡಿಯ ಗಂಡನಿಗೆ ವರ್ಗವಾಯಿತು. ಹೇಳದೆ ಕೇಳದೆ ಹೊರಟುಹೋದಳು.

"ಕೆಮ್ಮಿದ್ದು ಯಾರು ಮತ್ತೆ?" ಸೊಸೆ ಕೇಳಿದಳು.

"ನಾನಂತೂ ಅಲ್ಲ. ನನ್ನ ಗಂಟಲು ನನಗೆ ಗೊತ್ತಿಲ್ವಾ?"

"ಹಾಗಾದ್ರೆ ಅದನ್ನೇ ಬರೀರಿ."

"ಬರೆದರೆ? ಅವಳು ಓದಿದಳು ಅಂತಿಟ್ಕೋ. ಇಷ್ಟು ವರ್ಷ ಆದ್ಮೇಲೂ ಊರೆಲ್ಲ ಕೇಳೋ ಹಾಗೆ ನನ್ನ ಮೇಲೇ ಹಾಕಿದಳಲ್ಲ ಅಂತ ಈ ಜನ್ಮದಲ್ಲಿ ನನ್ನ ಮುಖ ನೋಡಲ್ಲ."

"ಯಾರು ಅಂತ ಗೊತ್ತಿಲ್ಲ ಅಂತ ಬರೀರಿ."

"ಆಗ ನಿನ್ನ ಜನ ಏನ್ ಮಾಡ್ತಾರೆ?"

"ಮೊದಲ ಸಾಲು ಓದಿ ಎದ್ದು ಹೋಗ್ತಾರೆ" ಎಂದು ಸೊಸೆ ಪ್ರಾಮಾಣಿಕವಾಗಿಯೇ ಒಪ್ಪಿಕೊಂಡಳು.

ಅತ್ತೆ ಕೆಲವು ದಿನ ಗುಮ್ಮನೆ ಓಡಾಡಿದರು. ಪಾತ್ರೆಗಳು ವಿನಾಕಾರಣ ಸದ್ದು ಮಾಡಿದವು. ಮಗ, "ಅಮ್ಮನಿಗೆ ಬಿಪಿ ನೋಡಿಸ್ಬೇಕೇನೋ" ಎಂದು ಹೆಂಡತಿಯ ಕಿವಿಯಲ್ಲಿ ಹೇಳಿದ್ದು ಕೇಳಿಸಿ ಅದಕ್ಕೂ ರೇಗಿದರು. ಅವರಿಗೆ ಸಿಟ್ಟು ಬಂದಿದ್ದುದು ಸೊಸೆಯ ಮೇಲಲ್ಲ. ಜೀವಮಾನವಿಡೀ ಶ್ರುತಿ ತಪ್ಪದ ಹಾಗೆ ಹಾಡಿದ್ದನ್ನು ಯಾರೂ ಕೇಳುವುದಿಲ್ಲ, ಹಾಡದೇ ಇದ್ದ ಒಂದು ಕ್ಷಣವನ್ನು ಊರಿಗೆ ಊರೇ ಹುಡುಕುತ್ತದೆ. ಇದಕ್ಕೆ ಯಾರನ್ನು ಬೈಯುವುದು? ಕೊನೆಗೆ ಒಂದು ಮಧ್ಯಾಹ್ನ ಹಾಳೆ ತಂದು ಸೊಸೆಯ ಮುಂದೆ ಎಸೆದರು. ಮೊದಲ ಸಾಲೇ ಹೀಗಿತ್ತು: "ದೋಣಿ ಹಾಡಿನಲ್ಲಿ ಕೆಮ್ಮಿದವಳು ನಾನು. ನನ್ನ ಜೊತೆ ನಿಂತಿದ್ದವಳ ತಪ್ಪು ಅದರಲ್ಲಿ ಎಳ್ಳಷ್ಟೂ ಇಲ್ಲ."

ಸೊಸೆ ಎರಡು ಸಲ ಓದಿದಳು. "ನೀವು ಕೆಮ್ಮಿಲ್ಲ ಅಂದ್ರಲ್ಲ ಅತ್ತೆ?"

"ಇಲ್ಲ."

"ಮತ್ತೆ?"

"ಟೈಪ್ ಮಾಡು ಅಂದ್ರೆ ಟೈಪ್ ಮಾಡು."

ಸೊಸೆ ಟೈಪ್ ಮಾಡಿದಳು. ಅರ್ಧಕ್ಕೆ ನಿಲ್ಲಿಸಿ ತಲೆಯೆತ್ತಿದಳು. "ನಾನು ಅಂದ್ರೆ ಯಾರು ಅಂತ ಓದೋರಿಗೆ ಹೇಗೆ ಗೊತ್ತಾಗುತ್ತೆ? ಇಡೀ ಬ್ಲಾಗಲ್ಲಿ ನಿಮ್ಮ ಹೆಸರೇ ಇಲ್ಲ."

ಅದು ಅತ್ತೆಗೂ ಹೊಳೆದಿರಲಿಲ್ಲ. ಬರೆದದ್ದು ಯಾರು ಎಂದು ಹೇಳುವ ಕಡೆ "ಕೋರಸ್‌ನವರೊಬ್ಬರು" ಎಂದಷ್ಟೇ ಹಾಕಿಸಿದ್ದರು. ಬೇಕೆಂದು ಮುಚ್ಚಿಟ್ಟದ್ದೇನೂ ಅಲ್ಲ. ಕ್ಯಾಸೆಟ್ಟಿನ ಮೇಲೆ ಅವರಿಗೆ ಸಿಕ್ಕಿದ್ದು ಯಾವಾಗಲೂ "ಮತ್ತು ಸಂಗಡಿಗರು" ಎಂಬ ಜಾಗ ಮಾತ್ರ. ತನ್ನ ಹೆಸರು ಎಲ್ಲಾದರೂ ಬರೆಯಬೇಕಾದದ್ದು ಎಂಬ ಯೋಚನೆಯೇ ಅವರಿಗೆ ಬಂದಿರಲಿಲ್ಲ.

"ಹಾಡಿದ್ದಕ್ಕೆ ಹಾಕದ ಹೆಸರು ಕೆಮ್ಮಿದ್ದಕ್ಕೆ ಹಾಕ್ಬೇಕಾ?"

"ಹಾಕದಿದ್ರೆ ಯಾರೂ ನಂಬಲ್ಲ ಅತ್ತೆ."

"ಹಾಕು. ಎಕ್ಕುಟ್ಟೋಗ್ಲಿ."

ಜನ ಬಂದರು. ಸೊಸೆ ಹೇಳಿದ್ದಕ್ಕಿಂತ ಹೆಚ್ಚೇ ಬಂದರು. ಒಬ್ಬ, ಕೆಮ್ಮಿದ್ದು ಕೊಳಲಿನವರು, ನಮ್ಮ ತಾತ ಅವರ ಪಕ್ಕದ ಮನೆಯಲ್ಲಿದ್ದರು ಎಂದು ಬರೆದ. ಇನ್ನೊಬ್ಬಳು ಕೆಮ್ಮಿಗೆ ಕಷಾಯ ಮಾಡುವ ವಿಧಾನವನ್ನು ವಿವರವಾಗಿ ಕೊಟ್ಟಳು. ಕೆಮ್ಮಿನ ಭಾಗವನ್ನಷ್ಟೇ ಕತ್ತರಿಸಿ ಫೋನಿನ ರಿಂಗ್‌ಟೋನಿಗೆ ಕಳಿಸಿಕೊಡಿ ಎಂದ ಮತ್ತೊಬ್ಬ ಮಹಾನುಭಾವ. ಇಷ್ಟು ವರ್ಷ ಸತ್ಯ ಮುಚ್ಚಿಟ್ಟಿದ್ದಕ್ಕೆ ನಾಚಿಕೆಯಾಗಬೇಕು ಎಂದೂ ಒಬ್ಬ ಬರೆದ. ಅದನ್ನು ಓದಿ ಅತ್ತೆ ಹಲ್ಲು ಕಡಿದರು. ಸೊಸೆ ಮಾತ್ರ ಅಂಗಡಿಯಲ್ಲಿ ಎಲ್ಲರಿಗೂ ತೋರಿಸಿಕೊಂಡು ಬಂದಳು, ಕೀವರ್ಡು ಅಂದರೆ ಹೀಗಿರಬೇಕು ಎಂದು. ದಿನ ಕಳೆದ ಹಾಗೆ ಗದ್ದಲ ತಣ್ಣಗಾಯಿತು. ಜೋಡಿಯ ಸುದ್ದಿಯಿಲ್ಲ. ಅತ್ತೆ ಈಗ ಸಿಟ್ಟೂ ಮಾಡಿಕೊಳ್ಳುತ್ತಿರಲಿಲ್ಲ. ಮನೆಯವರಿಗೆ ಅದೇ ಹೆಚ್ಚು ಕಷ್ಟವಾಯಿತು.

ರಜೆಯ ದಿನ ಸೊಸೆ ಲ್ಯಾಪ್‌ಟಾಪು ತೆರೆದವಳು, "ಅತ್ತೆ, ಯಾರೋ ಬೈದಿದ್ದಾರೆ ನೋಡಿ" ಎಂದಳು.

"ಇನ್ನೇನು ಹೊಸದು?"

"'ಸುಳ್ಳುಬುರುಕಿ. ಫೋನ್ ನಂಬರ್ ಕೊಡು.' ಇಷ್ಟೇ ಇದೆ. ಹೆಸರಿಲ್ಲ."

ಹೆಸರು ಬೇಕಾಗಿರಲಿಲ್ಲ. ಅತ್ತೆ ಮಡಿಸುತ್ತಿದ್ದ ಹೊದಿಕೆಯನ್ನು ಕೆಳಗೆ ಬಿಟ್ಟರು. "ಕೊಡೇ ನಂಬರ್. ನೋಡ್ತಾ ಕೂತಿದ್ದೀಯಲ್ಲ, ಕೊಡೇ!"

ಸೊಸೆ ನಂಬರ್ ಕೊಟ್ಟ ಸ್ವಲ್ಪ ಹೊತ್ತಿಗೇ ಫೋನು ಬಂತು. ಹಲೋ ಇಲ್ಲ, ಚೆನ್ನಾಗಿದ್ದೀಯಾ ಇಲ್ಲ.

"ಕೆಮ್ಮಿದ್ದು ನೀನು ಅಂತ ಯಾಕೇ ಬರೆದೆ?" ದನಿ ಒಡೆದಿತ್ತು, ಮೊದಲಿಗಿಂತ ಇನ್ನೂ ಕೆಳಗಿಳಿದಿತ್ತು. ಆದರೂ ಅದೇ ದನಿ.

"ನಿನ್ನ ಹೆಸರು ಬರೀಬೇಕಾಗಿತ್ತಾ?"

"ಬರೀಬೇಕಾಗಿತ್ತು! ನೀನು ಸುಳ್ಳು ಹೇಳೋಳಲ್ಲ ಅಂತ ಊರು ಬಿಟ್ಟ ಮೇಲೆ ನನಗೆ ಹೊಳೀತು. ನೀನಲ್ಲ ಅಂದ್ಮೇಲೆ ನಾನೇ ಇರ್ಬೇಕು ಅಂತ ಅಂದ್ಕೊಂಡು ಇಷ್ಟು ವರ್ಷ ಕಳೆದಿದ್ದೀನಿ. ಈಗ ನೋಡಿದ್ರೆ ಊರೆಲ್ಲ ಓದೋ ಹಾಗೆ ಸುಳ್ಳು ಬರೆದಿದ್ದೀಯ!"

ಬಾಗಿಲಲ್ಲಿ ನಿಂತ ಸೊಸೆ ಕೈಸನ್ನೆ ಮಾಡಿ ಪಿಸುಗುಟ್ಟುತ್ತಿದ್ದಳು, "ಏನಂತ ಟೈಪ್ ಮಾಡಿದ್ರು ಕೇಳಿ ಅತ್ತೆ! ಕೆಮ್ಮು ಅಂತಾನಾ? ಕೆಮ್ಮಿದವರು ಯಾರು ಅಂತಾನಾ?" ಬೇರೆ ಮಾತೇ ಸಿಗದೆ ಅತ್ತೆ ಅದನ್ನೇ ಕೇಳಿದರು. "ನನ್ನ ಸೊಸೆ ಕೇಳ್ತಿದ್ದಾಳೆ, ನೀನು ಏನು ಹುಡುಕ್ತಾ ಇಲ್ಲಿಗೆ ಬಂದೆ ಅಂತ. ಕೆಮ್ಮಾ?"

"ಕೆಮ್ಮು ಯಾಕೆ ಹುಡುಕ್ಲಿ, ನನಗೇನು ತಲೆ ಕೆಟ್ಟಿದೆಯಾ? ನಿನ್ನ ಹೆಸರು ಹುಡುಕಿದೆ. ಮಗಳು ಫೋನ್ ಕೊಡಿಸಿದಾಗಿನಿಂದ ಆಗಾಗ ಹಾಕ್ತಾನೇ ಇದ್ದೆ. ಪ್ರತಿ ಸಲಾನೂ ಯಾರ್ಯಾರೋ ಬರ್ತಿದ್ರು, ನೀನು ಬರ್ತಿರ್ಲಿಲ್ಲ. ನೀನು ಹೋಗಿಬಿಟ್ಟೆ ಅಂದ್ಕೊಂಡಿದ್ದೆ ಕಣೇ. ಹೋದ ವರ್ಷ ಹುಡುಕೋದೂ ಬಿಟ್ಟಿದ್ದೆ. ಮೊನ್ನೆ ಯಾಕೋ ಮನಸ್ಸು ತಡೀಲಿಲ್ಲ."

ಅತ್ತೆಗೆ ಅಳು ಬಂತು, ಅಳುವಿಗಿಂತ ಮೊದಲು ಸಿಟ್ಟು ಬಂತು. ಸೊಸೆಯ ಮೇಲೆ, ತಲೆನೋವು ನಿದ್ದೆಗಳ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ, ಇಷ್ಟೆಲ್ಲ ಬರೆದು ಅದರ ಕೆಳಗೆ ತನ್ನ ಹೆಸರನ್ನು ಬರೆಯಬೇಕೆಂದು ಹೊಳೆಯದ ತನ್ನ ಮೇಲೆಯೇ.

"ನಿನಗೆ ಹೇಳದೆ ಹೋಗ್ತೀನೇನೇ?" ಎಂದು ಅವರು ಫೋನಿಗೆ ಗದರಿದರು.