ಪೇಪರಿನಲ್ಲಿ ಬಂದ ಡಕೋಟಾ

ಮೊನ್ನೆ ಯಲಹಂಕದಲ್ಲಿ ಮಟಮಟ ಮಧ್ಯಾಹ್ನ, ಬಿಸಿಲಲ್ಲಿ ನಿಂತಿದ್ದ ಆಟೋ ಹತ್ತಿದೆ. ಕಾದ ರೆಕ್ಸಿನ್ನಿನ ವಾಸನೆ, ಜೊತೆಗೆ ಒಂದಿಷ್ಟು ಪೆಟ್ರೋಲಿನದು... ಪಕ್ಕದ ಮನೆಯ ಟ್ಯಾಕ್ಸಿ ಮಾಮನ ಕಾರಿನಲ್ಲೂ ಇದೇ ವಾಸನೆ ಇತ್ತು. ಚಿಕ್ಕಂದಿನಲ್ಲಿ ಅದು ನನಗೆ ಬಲು ಇಷ್ಟ. ಈಗ ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತೇನೆ.

ಮಾಮ ನಮಗೆ ನೆಂಟರಲ್ಲ, ಬಾಯಿಮಾತಿಗೆ ಮಾಮ. ಅರವತ್ತರ ದಶಕದಲ್ಲಿ ಒಂದು ಸಣ್ಣ ಕಾರು ಇಟ್ಟುಕೊಂಡು ಯಲಹಂಕದಿಂದ ನಂದಿಬೆಟ್ಟಕ್ಕೆ ಬಾಡಿಗೆ ಹೊಡೆಯುತ್ತಿದ್ದರು. ಆಗ ರಸ್ತೆಯಲ್ಲಿ ಓಡಾಡುತ್ತಿದ್ದ ಕಾರುಗಳೇ ಎರಡು ಮೂರು ಬಗೆ. ಅದರಲ್ಲಿ ದೊಡ್ಡ ಕಂಪನಿಯ ದೊಡ್ಡ ಕಾರೆಂದರೆ ಜನಕ್ಕೆ ದೇವರು. ಬೆಟ್ಟ ಹತ್ತುವಾಗ ಎಲ್ಲ ಕಾರೂ ಕುದಿಯುತ್ತಿತ್ತು, ಎಲ್ಲದರ ಬಾನೆಟ್ಟೂ ತೆರೆದುಕೊಳ್ಳುತ್ತಿತ್ತು. ದೊಡ್ಡ ಕಾರು ನಿಂತರೆ 'ಪಾಪ, ಅದಕ್ಕೂ ಸುಸ್ತಾಗಲ್ವೇ' ಎನ್ನುತ್ತಿದ್ದರು. ಮಾಮನದು ನಿಂತರೆ ಅದು ಡಕೋಟಾ.

ಆ ಹೆಸರು ಹತ್ತಿಸಿದ್ದು ನಮ್ಮ ಮನೆಗೆ ಬರುತ್ತಿದ್ದ ಪೇಪರು. ಭಾನುವಾರದ ಪುಟದಲ್ಲಿ ಮೋಟಾರುಗಳ ಬಗ್ಗೆ ಬರೆಯುತ್ತಿದ್ದ ಮಹಾನುಭಾವ ಸಣ್ಣ ಕಾರನ್ನು ಡಕೋಟಾ ಎಂದು ಆಡಿಕೊಳ್ಳುತ್ತಿದ್ದ, ಕುಟುಂಬಸ್ಥರು ನಂಬಬಾರದೆಂದು ಬುದ್ಧಿ ಹೇಳುತ್ತಿದ್ದ. ಅವನ ಬರಹದ ಕೆಳಗೇ ದೊಡ್ಡ ಕಾರಿನ ಅರ್ಧ ಪುಟದ ಜಾಹೀರಾತು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರೆ. ಅಪ್ಪ ಪ್ರಮಾಣಿಸಿ ನೋಡುತ್ತಿದ್ದದ್ದು ಆ ಪೇಪರಿನಲ್ಲೇ.

ಅಕ್ಕ ಚೊಚ್ಚಲ ಹೆರಿಗೆಗೆ ಬಂದಿದ್ದಳು. ನೋವು ಶುರುವಾಗಿ ಮಧ್ಯಾಹ್ನವಾದರೂ ಮಗು ಹುಟ್ಟಲಿಲ್ಲ, ರಕ್ತ ಹೋಗತೊಡಗಿತು. ಸೂಲಗಿತ್ತಿ ಕೈಚೆಲ್ಲಿ, ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಕರೆದೊಯ್ಯಿರಿ ಅಂದಳು. ಅಷ್ಟರಲ್ಲಿ ಮಾಮ ಕಾರು ತಂದು ಬಾಗಿಲಿಗೇ ನಿಲ್ಲಿಸಿದ್ದರು.

"ಹುಡುಗೀನ ಎತ್ಕೊಂಡ್ ಬನ್ನಿ ಅಣ್ಣಾ. ನನ್ ಗಾಡಿ ಕೈಕೊಡಲ್ಲ."

"ಬೇಡಪ್ಪ. ಈ ಗಾಡಿ ನಂಬೋಕಾಗಲ್ಲ ಅಂತ ಅಷ್ಟ್ ಓದ್ದೋರು ಬರ್ದಿದ್ದಾರೆ. ಮಿಲ್ ಸಾಹುಕಾರ್ರು ಕಾರ್ ಕಳಿಸ್ತಾರೆ, ತಾಳು" ಅಂದರು ಅಪ್ಪ.

ಅಪ್ಪ ಗುಮಾಸ್ತರಾಗಿದ್ದ ಅಕ್ಕಿ ಮಿಲ್ಲಿನ ಆ ದೊಡ್ಡ ಕಾರು ಬರುವ ತನಕ ಅಕ್ಕ ಜಗಲಿಯ ಮೇಲೆ ನರಳುತ್ತ ಮಲಗಿದ್ದಳು. ಮಾಮ ತಮ್ಮ ಕಾರಿನ ಬಾಗಿಲು ಹಿಡಿದುಕೊಂಡು ನಿಂತೇ ಇದ್ದರು.

ನಾವು ಹತ್ತಿದ ದೊಡ್ಡ ಕಾರು ಹೆಬ್ಬಾಳದ ಕೆರೆ ಏರಿಯ ಮೇಲೆ ಕುದಿದು ನಿಂತಿತು. ಡ್ರೈವರ್ ಕೆರೆಗಿಳಿದು ನೀರು ತಂದು ಹೊಯ್ದ, ಜಪ್ಪಯ್ಯ ಅಂದರೂ ಅದು ಅಲುಗಲಿಲ್ಲ. ಆಗ ಹಿಂದಿನಿಂದ ಮಾಮನ ಕಾರು ಬಂತು. ಯಾರೂ ಕರೆದಿರಲಿಲ್ಲ, ಮನಸ್ಸು ತಡೆಯದೆ ನಮ್ಮ ಹಿಂದೆಯೇ ಹೊರಟಿದ್ದರು. ಈಗ ಅಪ್ಪನೇ ಮುಂದಾಗಿ ಅದರ ಬಾಗಿಲು ತೆರೆದರು. ಅಕ್ಕನನ್ನು ಹಿಂದಿನ ಸೀಟಿಗೆ ಸಾಗಿಸಿದೆವು. ರೆಕ್ಸಿನ್ನು ಕೆಂಡವಾಗಿತ್ತು, ಅವಳ ತಲೆ ನನ್ನ ತೊಡೆಯ ಮೇಲಿತ್ತು... ಬೆಂಗಳೂರಿನ ಅರಮನೆಯ ಕಾಂಪೌಂಡು ಸಿಗುವಷ್ಟರಲ್ಲಿ ಉಸಿರು ನಿಂತಿತ್ತು. ಕಾರು ಮಾತ್ರ ಎಲ್ಲೂ ನಿಲ್ಲದೆ ಆಸ್ಪತ್ರೆ ಮುಟ್ಟಿತು.

ಪೇಪರಿನಲ್ಲಿ ಸುದ್ದಿ ಬಂತು. ಆಸ್ಪತ್ರೆಗೆ ಒಯ್ಯುವಾಗ ಟ್ಯಾಕ್ಸಿಯಲ್ಲೇ ಗರ್ಭಿಣಿಯ ಸಾವು. ಮಾಮನ ಕಾರಿನ ಕಂಪನಿಯ ಹೆಸರೂ ಇತ್ತು. ಏರಿಯ ಮೇಲೆ ಕೆಟ್ಟು ನಿಂತ ಕಾರಿನ ಸುದ್ದಿಯೇ ಇಲ್ಲ. ಬರೆದದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ, ನನ್ನ ಹೊಟ್ಟೆ ಉರಿಸುವುದು ಅದೇ. ಉಳಿದದ್ದನ್ನು ಊರವರು ತಾವೇ ಸೇರಿಸಿಕೊಂಡರು. ಅಪ್ಪ ಒಬ್ಬರಿಗಾದರೂ 'ಹಾಗಲ್ಲ' ಎನ್ನಲಿಲ್ಲ. ಸಾಹುಕಾರರಿಗೆ ಬೇಸರವಾದೀತಲ್ಲ! ಮಾಮನ ಕಾರು ಹತ್ತುವವರೇ ಇಲ್ಲವಾದರು. ಅದನ್ನು ಗುಜರಿಗೆ ಹಾಕಿ ಚಿಕ್ಕಜಾಲದ ಕಡೆ ಹೋದರಂತೆ... ಆಮೇಲೆ ಏನಾದರೋ ತಿಳಿಯದು. ಅಪ್ಪನನ್ನು ನಾನು ಕೊನೆಯವರೆಗೂ ಕ್ಷಮಿಸಲಿಲ್ಲ.

ಮೊನ್ನೆ ಆಟೋ ಇಳಿದು ಹೋಗಿದ್ದು ಚಿಕ್ಕಪ್ಪನ ಮಗಳ ಮನೆಗೆ. ಅಕ್ಕನ ಮಾತು ಬಂತು.

"ಆ ಡಕೋಟಾ ಕೈಕೊಡ್ದೇ ಇದ್ದಿದ್ರೆ ಬದುಕ್ಕೊಳ್ಳೋಳು ಕಣೇ" ಅಂದಳು.

"ಕೆಟ್ಟು ನಿಂತಿದ್ದು ಮಿಲ್ ಕಾರು ಕಣೇ. ನಾನೇ ಇದ್ನಲ್ಲ ಅದ್ರೊಳಗೆ!"

"ನಿಂಗೆಲ್ಲೋ ಮರೆವು. ಪೇಪರಲ್ಲೇ ಬಂದಿತ್ತಲ್ಲ" ಎಂದು ಕಾಫಿ ತರಲು ಎದ್ದುಹೋದಳು.

ಅಂದು ಆ ಏರಿಯ ಮೇಲಿದ್ದವರಲ್ಲಿ ಈಗ ಉಳಿದಿರುವವಳು ನಾನೊಬ್ಬಳೇ. ನಾನೂ ಹೋದ ಮೇಲೆ, ಊರಿನ ಪಾಲಿಗೆ ಮಾಮನೇ ಅಕ್ಕನನ್ನು ಕೊಂದದ್ದು.